ವೀಲ್‌ಚೇರ್‌ನಲ್ಲಿರುವ ಅಮ್ಮನಿಗೆ ಕ್ರೇಡಲ್ ಮೌಂಟನ್ ಕಾಡು ತೋರಿಸಬಹುದೇ?

ಧಾರಾಳವಾಗಿ ತೋರಿಸಬಹುದು. ಊರಿಂದ ಬರುವ ಅಮ್ಮನಿಗೆ ನಡೆಯಲು ಆಗುವುದಿಲ್ಲ, ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಕ್ರೇಡಲ್ ಮೌಂಟನ್‌ಗೆ ಹೋದಾಗ ಅವರನ್ನು ರೂಮಿನಲ್ಲಿ ಬಿಟ್ಟು ನಾವಷ್ಟೇ ಕಾಡು ಸುತ್ತಲು ಮನಸ್ಸಿಲ್ಲ ಅಂತ ಬರೆದಿದ್ದೀರಿ. ಬಿಡಬೇಡಿ. ನಮ್ಮ ಅತ್ತೆಯವರನ್ನು ವೀಲ್‌ಚೇರ್‌ನಲ್ಲೇ ಕರೆದುಕೊಂಡು ಹೋಗಿದ್ದೇನೆ, ಆ ಧೈರ್ಯದಿಂದ ಹೇಳುತ್ತಿದ್ದೇನೆ.

ಅಲ್ಲಿನ ಇಂಟರ್‌ಪ್ರಿಟೇಶನ್ ಸೆಂಟರ್ (ಕಾಡಿನ ಮಾಹಿತಿ ಕೇಂದ್ರ) ಹತ್ತಿರವೇ 'ರೈನ್‌ಫಾರೆಸ್ಟ್ ವಾಕ್' ಶುರುವಾಗುತ್ತದೆ. ನೆಲದಿಂದ ಎತ್ತರಿಸಿ ಮರದ ಹಲಗೆ ಹಾಸಿದ ದಾರಿ, ಸುಮಾರು ಅರ್ಧ ಕಿಲೋಮೀಟರ್. ನಡುವೆ ಪೆನ್ಸಿಲ್ ಪೈನ್ ಜಲಪಾತ ನೋಡಲು ಅಟ್ಟಣೆ ಇದೆ. ಅಲ್ಲಲ್ಲಿ ಇಳಿಜಾರು ಇರುವುದರಿಂದ ತಳ್ಳಲು ಗಟ್ಟಿ ಕೈಯವರು ಒಬ್ಬರು ಬೇಕೇ ಬೇಕು. ವಿಸಿಟರ್ ಸೆಂಟರ್‌ನಿಂದ ಒಳಗೆ ಹೋಗುವ ಶಟಲ್ ಬಸ್ಸಿಗೆ ವೀಲ್‌ಚೇರ್ ಹತ್ತಿಸಬಹುದು.

ಕುಳಿತು ನೋಡಿದರೆ ಏನಾದರೂ ತಪ್ಪಿಹೋಗುತ್ತದೆಯೇ ಎಂಬ ಚಿಂತೆ ಬೇಡ. ಈ ಕಾಡಿನ ಸೊಗಸೆಲ್ಲ ಕೈಗೆಟಕುವ ಎತ್ತರದಲ್ಲೇ ಇದೆ. ಮರ್ಟಲ್ ಬೀಚ್ ಮರದ ಎಲೆ ಬೆರಳಿನ ಉಗುರಿನಷ್ಟೇ, ಅಂಚೆಲ್ಲ ಸಣ್ಣ ಹಲ್ಲು. ವಸಂತದ ಚಿಗುರು ತಾಮ್ರದ ಬಣ್ಣ. ಕಾಂಡದ ತುಂಬ ಪಾಚಿ, ಜೊತೆಗೆ ನಮ್ಮ ಮಸಾಲೆಯ ಕಲ್ಲುಹೂವಿನ ಬಳಗದ ಲೈಕೆನ್‌ಗಳು. ಅತ್ತೆ ಆ ಕಲ್ಲುಹೂವಿನ ನೆಂಟರನ್ನು ಗುರುತಿಸಿ ಗಾಡಿ ನಿಲ್ಲಿಸು ಅಂದರು, ಆಮೇಲೆ ಮುಂದೆ ಹೋಗಲು ಬಿಡಲೇ ಇಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಹೋದರೆ ಮರ್ಟಲ್ ಕೊಂಬೆಗಳ ಮೇಲೆ ಗೋಲಿಯಷ್ಟು ದಪ್ಪದ ಕಿತ್ತಳೆ ಬಣ್ಣದ ಅಣಬೆ ಗೊಂಚಲಾಗಿ ಬಿಟ್ಟಿರುತ್ತದೆ, ಹುಡುಕಿ. ಇದೇ ಬೀಚ್ ಬಳಗದ ಮರಗಳು ದಕ್ಷಿಣ ಅಮೆರಿಕದಲ್ಲೂ ನ್ಯೂಜಿಲೆಂಡಿನಲ್ಲೂ ಇವೆ. ಅಂಟಾರ್ಕ್ಟಿಕಾದಲ್ಲಿ ಅವುಗಳ ಪಳೆಯುಳಿಕೆ ಸಿಕ್ಕಿದೆ. ಆ ನೆಲಗಳೆಲ್ಲ ಗೊಂಡ್ವಾನಾ ಎಂಬ ಒಂದೇ ಖಂಡವಾಗಿದ್ದ ಕಾಲದ ಸಂತತಿ ಅದು.

ಹಲಗೆ ಹಾಕಿರುವುದು ಗಾಲಿಗಳಿಗಾಗಿ ಮಾತ್ರ ಅಲ್ಲ. ಕೆಳಗಿನ ಮಣ್ಣು ಮೆತ್ತಗೆ, ಸದಾ ಒದ್ದೆ, ಬೇರುಗಳು ಮೇಲೇ ಹರಡಿರುತ್ತವೆ. ತುಳಿದು ಬೇರು ಗಾಯವಾದರೆ ಮರ್ಟಲ್ ಮರಕ್ಕೆ ಶಿಲೀಂಧ್ರ ರೋಗ ತಗಲಬಹುದು. ಪೆನ್ಸಿಲ್ ಪೈನ್ ಸಾವಿರ ವರ್ಷಕ್ಕೂ ಹೆಚ್ಚು ಬದುಕುವ ಮರ, ಆದರೆ ಬೆಂಕಿ ಬಿದ್ದರೆ ಮತ್ತೆ ಚಿಗುರುವುದಿಲ್ಲ. 2016ರ ಜನವರಿಯಲ್ಲಿ ಸಿಡಿಲಿನಿಂದ ಹತ್ತಿದ ಕಾಳ್ಗಿಚ್ಚಿಗೆ ಲೇಕ್ ಮೆಕೆಂಜಿ ಕಡೆ ಇಂಥವು ಸುಟ್ಟುಹೋದವು. ನನಗೆ ಇಂದಿಗೂ ಸಂಕಟವಾಗುವ ಸುದ್ದಿ ಅದು.

ಮುಂದೆ ಈ ಕಣಿವೆಯಲ್ಲಿ ಮನೆ ಕಟ್ಟಿಕೊಂಡ ಆಸ್ಟ್ರಿಯಾ ಮೂಲದ ಗುಸ್ತಾವ್ ವೈನ್‌ಡಾರ್ಫರ್ 1910ರಲ್ಲಿ ಬೆಟ್ಟದ ತುದಿಯಲ್ಲಿ ನಿಂತು, ಇದು ಎಂದೆಂದಿಗೂ ಜನರ ರಾಷ್ಟ್ರೀಯ ಉದ್ಯಾನವಾಗಬೇಕು ಅಂದಿದ್ದರಂತೆ. ಆ 'ಜನ'ರಲ್ಲಿ ನಿಮ್ಮ ಅಮ್ಮನೂ ಸೇರಿದ್ದಾರೆ.

ಚಳಿಯ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಸಿಗೆಯಲ್ಲೂ ಹಿಮ ಬೀಳಬಹುದು. ತಳ್ಳುವವರಿಗೆ ಬೆವರು ಬರುವ ಹೊತ್ತಿಗೆ ಕೂತವರಿಗೆ ನಡುಕ ಶುರುವಾಗಿರುತ್ತದೆ. ಕಂಬಳಿ, ಉಣ್ಣೆಯ ಗ್ಲೌಸ್, ತೊಡೆ ಮುಚ್ಚುವಷ್ಟು ಉದ್ದದ ರೇನ್‌ಕೋಟ್, ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇರಲಿ. ಒದ್ದೆ ಹಲಗೆ ಜಾರುತ್ತದೆ, ಇಳಿಜಾರಿನಲ್ಲಿ ಗಾಡಿಯನ್ನು ಹಿಮ್ಮುಖವಾಗಿ ಇಳಿಸಿ.

ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್ ಕಡೆ ಉಳಿಯುವುದಾದರೆ ಮೌಂಟ್ ಫೀಲ್ಡ್ ರಾಷ್ಟ್ರೀಯ ಉದ್ಯಾನದ ರಸೆಲ್ ಜಲಪಾತದ ದಾರಿಯಲ್ಲೂ ವೀಲ್‌ಚೇರ್ ಹೋಗುತ್ತದೆ. ಅಲ್ಲಿ ಮರದಷ್ಟು ಎತ್ತರದ ಜರೀಗಿಡಗಳಿವೆ. ಎರಡು ದಿನ ಸಿಕ್ಕರೆ ಎರಡನ್ನೂ ತೋರಿಸಿ, ಒಂದೇ ಆದರೆ ಕ್ರೇಡಲ್.