ಸಿಂಗಾಪುರದ ‘ರೈಲ್ ಕಾರಿಡಾರ್’ನಲ್ಲಿ ಈಗಲೂ ರೈಲು ಓಡುತ್ತದೆಯೇ?

ಇಲ್ಲ, ಈಗ ಅಲ್ಲಿ ಓಡುವುದು ಜನ, ಸೈಕಲ್ ಅಷ್ಟೇ. ಮೊದಲು ಮಲೇಷ್ಯಾದ ರೈಲುಗಳು ಸಿಂಗಾಪುರದೊಳಗೆ ಹಾದು ದಕ್ಷಿಣದ ತಂಜೊಂಗ್ ಪಗಾರ್ ನಿಲ್ದಾಣದವರೆಗೂ ಬರುತ್ತಿದ್ದವು. 2011ರ ಜೂನ್ 30ಕ್ಕೆ ಅದು ನಿಂತಿತು. ಹಳಿಗಳನ್ನು ಬಹುಪಾಲು ಕಿತ್ತರು. ಸುಮಾರು 24 ಕಿ.ಮೀ. ಉದ್ದದ ಹಸಿರು ಪಟ್ಟಿ ಉಳಿಯಿತು.

ನಡೆಯೋಕೆ ಇದು ಇಷ್ಟು ಹಿತವಾಗಿರಲು ಕಾರಣವೂ ರೈಲೇ! ರೈಲು ಕಡಿದಾದ ಏರು ಹತ್ತಲಾರದು, ಗಕ್ಕನೆ ತಿರುಗಲೂ ಆಗದು, ಅಲ್ವಾ? ಹಾಗಾಗಿ ದಿಬ್ಬ ಕಡಿದು, ತಗ್ಗು ತುಂಬಿ ದಾರಿ ಮಾಡಿರುತ್ತಾರೆ. ಏದುಸಿರು ಬರುವುದು ಕಮ್ಮಿ.

ಪೂರ್ತಿ ನಡೆಯಲೇಬೇಕು ಅಂತೇನಿಲ್ಲ. ಬುಕಿಟ್ ತಿಮಾ ಕಡೆ ಹಳೆ ನಿಲ್ದಾಣ, ಎರಡು ಉಕ್ಕಿನ ಸೇತುವೆ ಹಾಗೇ ಇವೆ. ನನ್ನ ಪ್ರಕಾರ ಅಲ್ಲಿಂದಲೇ ಶುರು ಮಾಡಿ. ನೀರಿನ ಬಾಟಲಿ ಮರೆಯಬೇಡಿ, ಸೆಕೆ ಜಾಸ್ತಿ.