ದೋಹಾದಲ್ಲಿ 13 ಗಂಟೆ ಲೇಓವರ್: ಅಮ್ಮನ ಜೊತೆ ಊರು ನೋಡಲು ಹೋಗಬಹುದಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ನವೆಂಬರ್ ಕೊನೆಗೆ ಅಕ್ಕನ ಬಾಣಂತನಕ್ಕೆ ಅಮ್ಮನನ್ನು ಲಂಡನ್‌ಗೆ ಕರೆದುಕೊಂಡು ಹೋಗುತ್ತಿದ್ದೀರಿ. ಬೆಂಗಳೂರಿನ ವಿಮಾನ ಮಧ್ಯಾಹ್ನ 12ಕ್ಕೆ ದೋಹಾ ಮುಟ್ಟುತ್ತದೆ, ಮುಂದಿನದು ಹೊರಡುವುದು ರಾತ್ರಿ 1ಕ್ಕೆ. ಅಷ್ಟು ಹೊತ್ತು ಏರ್‌ಪೋರ್ಟಲ್ಲೇ ಕೂರೋದಾ, ಹೊರಗೆ ಹೋಗೋದಾ? ಅಮ್ಮನಿಗೆ ಮಂಡಿನೋವು, ಮೇಲಿಂದ ಶುದ್ಧ ಸಸ್ಯಾಹಾರಿ.

ಹೊರಗೆ ಹೋಗಿ. ನವೆಂಬರ್ ಅಂದರೆ ದೋಹಾದಲ್ಲಿ ಒಳ್ಳೆಯ ಕಾಲ. ಇದೇ ಪ್ರಶ್ನೆ ಜುಲೈಗೆ ಕೇಳಿದ್ದರೆ ಬೇಡ ಅನ್ನುತ್ತಿದ್ದೆ. 40 ಡಿಗ್ರಿ ದಾಟಿದ ಬಿಸಿಲು, ಜೊತೆಗೆ ಸಮುದ್ರದ ಸೆಕೆ. ಅದರಲ್ಲಿ ವಯಸ್ಸಾದವರನ್ನು ನಡೆಸುವುದು ತರವಲ್ಲ.

ಆದರೆ ನಿಮ್ಮ ಕೈಯಲ್ಲಿ 13 ಗಂಟೆ ಇದೆ ಅಂದುಕೊಳ್ಳಬೇಡಿ. ವಿಮಾನ ಇಳಿದು, ಅಮ್ಮ ಮುಖ ತೊಳೆದು, ಇಮಿಗ್ರೇಷನ್ ಸಾಲು ದಾಟಿ ಹೊರಗೆ ಬರುವಾಗ ಒಂದೂವರೆ, ಎರಡು ಆಗಿರುತ್ತದೆ. ರಾತ್ರಿ ಹತ್ತಕ್ಕೆ ವಾಪಸ್ ಏರ್‌ಪೋರ್ಟಲ್ಲಿ ಇರಬೇಕು. ಅಂದರೆ ಒಂಬತ್ತಕ್ಕೆ ಅಲ್ಲಿಂದ ಎದ್ದುಬಿಡಬೇಕು. ಉಳಿದದ್ದು ಏಳು ಗಂಟೆ. ಈ ಏಳು ಗಂಟೆಗೆ ಊರಿನ ಒಂದೇ ಭಾಗ ಸಾಕು. ಯೂಟ್ಯೂಬ್‌ನಲ್ಲಿ ಒಂದೇ ದಿನದಲ್ಲಿ ಪರ್ಲ್, ಕತಾರಾ, ಲುಸೈಲ್, ಮ್ಯೂಸಿಯಂ, ಮಾರುಕಟ್ಟೆ ಎಲ್ಲ ತೋರಿಸುತ್ತಾರೆ. ಅವರು ಅರ್ಧ ದಿನ ಕಾರಲ್ಲೇ ಇರುತ್ತಾರೆ. ಪರ್ಲ್ ಅನ್ನುವುದು ಸಮುದ್ರ ತುಂಬಿಸಿ ಮಾಡಿದ ದ್ವೀಪ. ಅಲ್ಲಿರುವುದು ದುಬಾರಿ ಅಂಗಡಿ, ದುಬಾರಿ ದೋಣಿ. ಅದನ್ನು ಬಿಟ್ಟರೆ ನಷ್ಟವೇನಿಲ್ಲ.

ಮೊದಲು ವೀಸಾ ವಿಷಯ ಮುಗಿಸಿಬಿಡೋಣ. 2017ರಿಂದ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕತಾರ್‌ಗೆ ಮುಂಚೆಯೇ ವೀಸಾ ಮಾಡಿಸುವ ತಾಪತ್ರಯ ಇಲ್ಲ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು, ಮುಂದಿನ ಟಿಕೆಟ್ ಕೈಯಲ್ಲಿರಬೇಕು. ಹೋಟೆಲ್ ಬುಕಿಂಗ್ ತೋರಿಸಬೇಕು ಅನ್ನುವಂಥ ಷರತ್ತುಗಳು ಮಾತ್ರ ಆಗಾಗ ಬದಲಾಗುತ್ತವೆ. ಹೊರಡುವ ವಾರ ಅವರ ಸರ್ಕಾರದ ಹಯ್ಯಾ ವೆಬ್‌ಸೈಟ್ ನೋಡಿ, ಏರ್‌ಲೈನ್‌ಗೂ ಒಂದು ಫೋನ್ ಮಾಡಿ. ನೀವೇ ಸುತ್ತಾಡುವುದು ಕಿರಿಕಿರಿ ಅನ್ನಿಸಿದರೆ ಡಿಸ್ಕವರ್ ಕತಾರ್ ಅನ್ನುವ ಪ್ರವಾಸ ಸಂಸ್ಥೆಯವರು ಏರ್‌ಪೋರ್ಟಿಂದಲೇ ಟ್ರಾನ್ಸಿಟ್ ಟೂರ್ ಮಾಡಿಸುತ್ತಾರೆ. ದುಡ್ಡು ಕಟ್ಟಿದರೆ ಬಸ್ಸಲ್ಲಿ ಸುತ್ತಾಡಿಸಿ ವಾಪಸ್ ತಂದುಬಿಡುತ್ತಾರೆ. ಮಂಡಿನೋವಿಗೆ ಅದೂ ಒಳ್ಳೆಯದೇ. ಆದರೆ ಅಮ್ಮನಿಗೆ ಒಂದು ಕಡೆ ಕೂತು ಸುಧಾರಿಸಿಕೊಳ್ಳಬೇಕು ಅನ್ನಿಸಿದಾಗ ಬಸ್ಸು ಕಾಯುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಹಗುರವಾಗಿ ತಗೋಬೇಡಿ. ಬಾಣಂತನಕ್ಕೆ ಹೊರಟ ಅಮ್ಮಂದಿರ ಕೈಚೀಲದಲ್ಲಿ ಏನಿರುತ್ತದೆ ಅಂತ ನಮಗೆಲ್ಲ ಗೊತ್ತು. ಅಂಟಿನುಂಡೆ, ಕಷಾಯದ ಪುಡಿ, ಒಂದು ಪೊಟ್ಟಣ ಗಸಗಸೆ. ಗಲ್ಫ್‌ನ ಹಲವು ದೇಶಗಳಲ್ಲಿ ಗಸಗಸೆ ನಿಷಿದ್ಧ. ಅದನ್ನು ಮಾದಕ ವಸ್ತುವಿನ ಲೆಕ್ಕಕ್ಕೆ ಹಾಕುತ್ತಾರೆ. ದೊಡ್ಡ ಬ್ಯಾಗು ಲಂಡನ್‌ಗೆ ನೇರ ಹೋಗಬಹುದು, ಆದರೆ ನೀವು ಊರೊಳಗೆ ಹೋಗುವಾಗ ಕೈಚೀಲ ಸ್ಕ್ಯಾನ್ ಆಗುತ್ತದೆ. ಗಸಗಸೆ, ಗಸಗಸೆ ಹಾಕಿದ ಉಂಡೆ ಎರಡನ್ನೂ ಮನೆಯಲ್ಲೇ ಬಿಡಿ, ದೊಡ್ಡ ಬ್ಯಾಗಿಗೂ ಬೇಡ. ಔಷಧಿಯೂ ಅಷ್ಟೇ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ಆಲ್ಪ್ರಝೋಲಾಂ ಥರದ ಮಾತ್ರೆ ಅಲ್ಲಿ ತೊಂದರೆಯ ಸಾಮಾನು. ಅಮ್ಮನ ಮಂಡಿನೋವಿನ ಮಾತ್ರೆಯ ಹಾಳೆ ತಿರುಗಿಸಿ ಒಳಗೇನಿದೆ ಓದಿಕೊಳ್ಳಿ. ಡಾಕ್ಟರ ಚೀಟಿ ಜೊತೆಗಿರಲಿ.

ಏರ್‌ಪೋರ್ಟಿಂದ ಮೆಟ್ರೊ ಹಿಡಿಯಿರಿ. 2019ರಲ್ಲಿ ಶುರುವಾದದ್ದು, ಡ್ರೈವರ್ ಇಲ್ಲದ ರೈಲು. ರೆಡ್ ಲೈನ್‌ನಲ್ಲಿ ಮುಶೈರಿಬ್ ನಿಲ್ದಾಣ, ಅಲ್ಲಿ ಗೋಲ್ಡ್ ಲೈನ್‌ಗೆ ಬದಲಾಯಿಸಿದರೆ ಮುಂದಿನದೇ ಸೂಕ್ ವಾಕಿಫ್, ಅಂದರೆ ಊರಿನ ಹಳೆಯ ಮಾರುಕಟ್ಟೆ. ಟಿಕೆಟ್ 2 ರಿಯಾಲ್. ರಿಯಾಲ್‌ಗೆ ಡಾಲರ್ ಜೊತೆ ಗಂಟು ಹಾಕಿದ್ದಾರೆ, ಒಂದು ಡಾಲರ್‌ಗೆ 3.64. ಎಲ್ಲ ಕಡೆ ಲಿಫ್ಟು, ಎಸ್ಕಲೇಟರ್ ಇದೆ. ಹೆಂಗಸರು, ಮಕ್ಕಳು, ಕುಟುಂಬದವರಿಗೆ ಬೇರೆ ಬೋಗಿ ಇದೆ. ನಿಲ್ದಾಣಗಳು ಮಾತ್ರ ಆಳ, ಉದ್ದ. ಲೈನ್ ಬದಲಾಯಿಸಲು ನಡೆಯಬೇಕು. ಅಮ್ಮನಿಗೆ ಆಗಲ್ಲ ಅನ್ನಿಸಿದರೆ ಕರ್ವಾ ಟ್ಯಾಕ್ಸಿ ಇದೆ, ಹಸಿರು-ನೀಲಿ ಬಣ್ಣದ್ದು, ಮೀಟರ್ ಹಾಕುತ್ತಾರೆ. ಊಬರ್ ಕೂಡ ಓಡುತ್ತದೆ.

ಮೊದಲು ಮಾರುಕಟ್ಟೆಗೆ ಹೋಗಬೇಡಿ. ಮಧ್ಯಾಹ್ನ ಅಲ್ಲಿ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ, ನಾಲ್ಕರ ಮೇಲೆಯೇ ಜೀವ ಬರುವುದು. ಆ ಹೊತ್ತನ್ನು ಇಸ್ಲಾಮಿಕ್ ಕಲೆಯ ಮ್ಯೂಸಿಯಂಗೆ ಇಡಿ. ಸೂಕ್‌ನಿಂದ ಟ್ಯಾಕ್ಸಿಯಲ್ಲಿ ಐದು ನಿಮಿಷ. ವಾರದ ರಜೆ ಯಾವತ್ತು ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ನಮ್ಮಂಥವರಿಗೆ ಟಿಕೆಟ್ 50 ರಿಯಾಲ್, ಜಾಸ್ತಿಯೇ. ಆದರೂ ನಾನು ಕೊಡುತ್ತೇನೆ. ಪ್ಯಾರಿಸ್‌ನ ಲೂವ್ರ್ ಮುಂದೆ ಗಾಜಿನ ಪಿರಮಿಡ್ ಕಟ್ಟಿದ ಐ. ಎಂ. ಪೇ ಅವರೇ ಇದನ್ನೂ ಕಟ್ಟಿದ್ದು. ಮ್ಯೂಸಿಯಂ ತೆರೆದದ್ದು 2008ರಲ್ಲಿ, ಆಗ ಅವರಿಗೆ ತೊಂಬತ್ತು ದಾಟಿತ್ತು. ಮುಂದೆ ಅಕ್ಕಪಕ್ಕ ದೊಡ್ಡ ಕಟ್ಟಡಗಳು ಎದ್ದು ತನ್ನದನ್ನು ಮರೆಮಾಡಬಾರದು ಅಂತ ಸಮುದ್ರದಲ್ಲೇ ಪ್ರತ್ಯೇಕ ದ್ವೀಪ ಕೇಳಿ ಮಾಡಿಸಿಕೊಂಡರಂತೆ. ಹಟ ಅಂದರೆ ಅದು.

ಒಳಗೆ ಎಲ್ಲ ನೋಡಲು ಹೋಗಬೇಡಿ, ಕಾಲು ಬಿದ್ದುಹೋಗುತ್ತದೆ. ಇವರ ಸಂಗ್ರಹದಲ್ಲಿ ಶಹಜಹಾನನ ಒಂದು ಜೇಡ್ ಕಲ್ಲಿನ ಪದಕ ಇದೆ, 1631-32ರದ್ದು. ಆ ದಿನ ಪ್ರದರ್ಶನಕ್ಕಿಟ್ಟಿದ್ದರೆ ಹುಡುಕಿ ನೋಡಿ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟೇ ದೊಡ್ಡದು, ಮೇಲೆ ಸಣ್ಣ ಅಕ್ಷರದ ಕೆತ್ತನೆ. ಎದೆ ಬಡಿತ ಹತೋಟಿಗೆ ಬರಲಿ ಅಂತ ಕಟ್ಟಿಕೊಳ್ಳುತ್ತಿದ್ದ ತಾಯಿತದ ಬಗೆಯದು. ಮುಮ್ತಾಜ್ ತೀರಿಕೊಂಡದ್ದು 1631ರಲ್ಲಿ. ತಾಜ್‌ಮಹಲ್‌ಗಿಂತ ನನಗೆ ಇದೇ ಹೆಚ್ಚು ತಟ್ಟಿತು. ಇದಾದ ಮೇಲೆ ಸಮುದ್ರದ ಕಡೆಯ ದೊಡ್ಡ ಗಾಜಿನ ಗೋಡೆಯ ಹತ್ತಿರ ಅಮ್ಮನನ್ನು ಕೂರಿಸಿ. ಎದುರಿಗೆ ನೀರು, ನೀರಿನಾಚೆ ವೆಸ್ಟ್ ಬೇಯ ಗಗನಚುಂಬಿಗಳು. ಯಾರೂ ಏಳಿ ಅನ್ನುವುದಿಲ್ಲ.

ನವೆಂಬರ್ ಕೊನೆಗೆ ಅಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ನಾಲ್ಕೂಕಾಲಿಗೆ ಹೊರಗೆ ಬಂದುಬಿಡಿ. ಸಮುದ್ರದ ದಂಡೆ, ಅವರು ಕಾರ್ನಿಶ್ ಅನ್ನುವುದು, ಏಳು ಕಿಲೋಮೀಟರ್ ಉದ್ದ ಇದೆ. ನಿಮಗೆ ಬೇಕಾದದ್ದು ಮ್ಯೂಸಿಯಂ ಪಕ್ಕದ ಸ್ವಲ್ಪ ಭಾಗ ಮಾತ್ರ. ಮರದ ಹಾಯಿದೋಣಿಗಳು ಸಾಲಾಗಿ ನಿಂತಿರುತ್ತವೆ. ಈಗ ಅವು ಪ್ರವಾಸಿಗಳನ್ನು ಸುತ್ತಿಸುತ್ತವೆ. ಹತ್ತುವುದಾದರೆ ದರ ಮೊದಲೇ ಮಾತಾಡಿ. ಎಣ್ಣೆ ಸಿಗುವ ಮುಂಚೆ ಈ ಊರು ಬದುಕಿದ್ದೇ ಇಂಥ ದೋಣಿ ಮತ್ತು ಮುತ್ತಿನ ಮೇಲೆ. ಮೂಗಿಗೆ ಕ್ಲಿಪ್ ಹಾಕಿಕೊಂಡು ಮುಳುಗಿ ತೆಗೆದ ಮುತ್ತು ಮುಂಬೈ ಪೇಟೆಗೆ ಬರುತ್ತಿತ್ತು. ಜಪಾನಿನವರು ಮುತ್ತು ಬೆಳೆಸಲು ಕಲಿತ ಮೇಲೆ, 1930ರ ದಶಕದಲ್ಲಿ, ಆ ವ್ಯಾಪಾರ ನೆಲಕಚ್ಚಿತು. 1966ರವರೆಗೆ ಇಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ ಅನ್ನುವುದು ಅಮ್ಮನಿಗೆ ಹೇಳಿ, ಖುಷಿಪಡುತ್ತಾರೆ. ಗಲ್ಫ್‌ಗೆಂದೇ ರಿಸರ್ವ್ ಬ್ಯಾಂಕ್ 1959ರಲ್ಲಿ ಬೇರೆ ನೋಟು ಅಚ್ಚು ಹಾಕಿತ್ತು. 1966ರಲ್ಲಿ ನಾವು ರೂಪಾಯಿ ಬೆಲೆ ಇಳಿಸಿದೆವು, ಅವರು ಕೈಬಿಟ್ಟರು.

ಕತ್ತಲಾದ ಮೇಲೆ ಸೂಕ್. ನೋಡಲು ನೂರಾರು ವರ್ಷ ಹಳೆಯದು ಅನ್ನಿಸುತ್ತದೆ. ಜಾಗ ಹಳೆಯದೇ, ಆದರೆ 2003ರಲ್ಲಿ ಬೆಂಕಿ ಬಿದ್ದ ಮೇಲೆ ಬಹುಪಾಲು ಮತ್ತೆ ಕಟ್ಟಿದ್ದು. ಇದು ಗೊತ್ತಿದ್ದೂ ನನಗೆ ಇಷ್ಟ, ಯಾಕಂದರೆ ಇಲ್ಲಿಗೆ ಊರಿನವರೂ ಬರುತ್ತಾರೆ. ಮೆರೂನ್ ಬಣ್ಣದ ಜಾಕೆಟ್ ಹಾಕಿದ ಹಮಾಲರು ಒಂಟಿ ಗಾಲಿಯ ತಳ್ಳುಗಾಡಿ ಹಿಡಿದು ಕಾಯುತ್ತಿರುತ್ತಾರೆ. ಅಕ್ಕಿ ಚೀಲ, ಪಾತ್ರೆ, ಏನೇ ಕೊಂಡರೂ ಕಾರಿನವರೆಗೆ ಅವರೇ ತಂದುಕೊಡುತ್ತಾರೆ. ತೀರಾ ವಯಸ್ಸಾದವರೂ ಇದ್ದಾರೆ. ಕಿರಿದಾದ ಓಣಿಯಲ್ಲಿ ಹಿಂದಿನಿಂದ ಗಾಡಿ ಬಂದರೆ ಪಕ್ಕಕ್ಕೆ ಸರಿಯಿರಿ, ಬ್ರೇಕ್ ಇಲ್ಲ.

ಗಿಡುಗಗಳ ಅಂಗಡಿ ಬಿಡಬೇಡಿ. ನೆಲಕ್ಕೆ ಮರಳು ಹಾಸಿರುತ್ತಾರೆ, ಹಕ್ಕಿಗಳು ಮೋಟು ಗೂಟಗಳ ಮೇಲೆ ಸಾಲಾಗಿ ಕೂತಿರುತ್ತವೆ, ಕಣ್ಣಿಗೆ ಚರ್ಮದ ಟೋಪಿ. ಬಾಗಿಲಲ್ಲಿ ಹೆಜ್ಜೆ ಸದ್ದಾದರೂ ಸಾಕು, ಕಾಣದಿದ್ದರೂ ತಲೆ ತಿರುಗಿಸುತ್ತವೆ. ಪಕ್ಕದಲ್ಲೇ ಇವಕ್ಕೆ ಆಸ್ಪತ್ರೆ ಇದೆ. ಎಕ್ಸ್‌ರೇ ತೆಗೆಯುತ್ತಾರೆ, ಗರಿ ಮುರಿದರೆ ಅಷ್ಟೇ ಅಳತೆಯ ಇನ್ನೊಂದು ಗರಿ ಜೋಡಿಸುತ್ತಾರೆ. ನಿಮ್ಮಮ್ಮ ಖಂಡಿತ ಏನೋ ಅನ್ನುತ್ತಾರೆ, ನಮ್ಮಮ್ಮ ಅಂದಿದ್ದು "ನಮ್ಮೂರಲ್ಲಿ ಮನುಷ್ಯರಿಗಿಲ್ಲ".

ಮಸಾಲೆ ಸಾಲಿನಲ್ಲಿ ಒಣ ನಿಂಬೆಹಣ್ಣು, ಕೇಸರಿ, ಇರಾನಿನ ಗುಲಾಬಿ ಮೊಗ್ಗು ಸಿಗುತ್ತದೆ. ಕನ್ನಡದಲ್ಲಿ ಗುಸುಗುಸು ಮಾತಾಡಿಕೊಂಡು ದರ ಕೇಳಬೇಡಿ. ಕರಾವಳಿಯವರು ಈ ಊರಲ್ಲಿ ತುಂಬಾ ಇದ್ದಾರೆ. ನಾವು "ಇವನು ಜಾಸ್ತಿ ಹೇಳ್ತಿದಾನೆ, ನಡಿ" ಅಂದಾಗ ಅಂಗಡಿಯವರು ನಗುತ್ತಾ "ಯಾವೂರು ನಿಮ್ದು?" ಅಂದರು. ಭಟ್ಕಳದವರು. ಚಹಾ ಕೊಡಿಸಿದರು, ದರ ಮಾತ್ರ ಇಳಿಸಲಿಲ್ಲ.

ಊಟದ ಚಿಂತೆ ಬೇಡ. ಹಮ್ಮುಸ್, ಫಲಾಫೆಲ್, ಕಾಳಿನ ಸಾರಿನಂಥ ಸೂಪ್, ಬಿಸಿ ರೊಟ್ಟಿ ಎಲ್ಲ ಕಡೆ ಇದೆ. ಅನ್ನದ ಖಾದ್ಯ ಮಾತ್ರ ಕೇಳದೆ ತಗೋಬೇಡಿ, ತರಕಾರಿಯದ್ದು ಅಂದರೂ ಮಾಂಸದ ನೀರಲ್ಲಿ ಬೇಯಿಸಿರಬಹುದು. ಸೂಪಿಗೂ ಇದೇ ಪ್ರಶ್ನೆ ಕೇಳಿ. ಬಲಾಲೀತ್ ಅಂತ ಏಲಕ್ಕಿ, ಕೇಸರಿ ಹಾಕಿದ ಸಿಹಿ ಶಾವಿಗೆ ಇದೆ, ಚೆನ್ನಾಗಿರುತ್ತದೆ, ಆದರೆ ಮೇಲೆ ಆಮ್ಲೆಟ್ ಹೊದಿಸಿ ಕೊಡುತ್ತಾರೆ. ಅಮ್ಮನಿಗೆ ಅದು ಕಂಡರೆ ಮುಗೀತು. ಕರಕ್ ಚಹಾ ಮಾತ್ರ ತಪ್ಪಿಸಬೇಡಿ. ನಮ್ಮ ಕಡೆಯಿಂದಲೇ ಹೋದ ಏಲಕ್ಕಿ ಚಹಾ, ಅಲ್ಲಿ ಇನ್ನಷ್ಟು ಕುದಿಸಿ ಗಟ್ಟಿ ಮಾಡಿದ್ದಾರೆ. ಬೆಲೆಯೂ ಒಂದೆರಡು ರಿಯಾಲ್ ಅಷ್ಟೇ.

ಬಟ್ಟೆ ಭುಜ, ಮಂಡಿ ಮುಚ್ಚುವಂತಿರಲಿ. ಅಮ್ಮನ ಸೀರೆ, ಚೂಡಿದಾರ್ ಎರಡೂ ನಡೆಯುತ್ತದೆ. ಅಲ್ಲಿನ ಹೆಂಗಸರ ಫೋಟೊ ಸುಮ್ನೆ ತೆಗೆಯಬೇಡಿ.

ಒಂಬತ್ತಕ್ಕೆ ಎದ್ದು ಟ್ಯಾಕ್ಸಿ ಹಿಡಿಯಿರಿ, ವಾಪಸ್ ಮೆಟ್ರೊ ಬೇಡ, ಅಷ್ಟೊತ್ತಿಗೆ ಮಂಡಿ ಸೋತಿರುತ್ತದೆ. ಏರ್‌ಪೋರ್ಟ್ ಒಳಗೆ ದೀಪ ಹೊತ್ತ ದೊಡ್ಡ ಹಳದಿ ಕರಡಿ ಬೊಂಬೆ ಇದೆ, ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಕಾಲು ಚಾಚಿ ಮಲಗಲು ಗಂಡಸರಿಗೆ, ಹೆಂಗಸರಿಗೆ ಬೇರೆಬೇರೆ ಕ್ವಯಟ್ ರೂಮ್ ಇವೆ, ದುಡ್ಡು ಕೊಡಬೇಕಿಲ್ಲ. ಅಮ್ಮ ಒಳಗೆ ಮಲಗಿದರೆ ನೀವು ಎಬ್ಬಿಸಲು ಹೋಗಲಾಗುವುದಿಲ್ಲ, ಅವರ ಫೋನಲ್ಲಿ ಅಲಾರಂ ಇಟ್ಟು ಕಳಿಸಿ, ಫೋನಿನ ಸಮಯ ದೋಹಾದ್ದು ಆಗಿದೆಯಾ ನೋಡಿ, ನಮಗಿಂತ ಎರಡೂವರೆ ಗಂಟೆ ಹಿಂದೆ. ಅವರಿಗೆ ವೀಲ್‌ಚೇರ್ ಬರೆಸಿದ್ದರೆ ಊರಿಗೆ ಹೊರಡುವಾಗಲೇ ಸಿಬ್ಬಂದಿಗೆ ಹೇಳಿ ಹೋಗಿ, ವಾಪಸ್ ಬಂದಾಗ ಕೌಂಟರ್‌ನಲ್ಲಿ ಮತ್ತೆ ಕೇಳಿ. ಇಲ್ಲದಿದ್ದರೆ ಅವರು ನಿಮ್ಮನ್ನು ಗೇಟ್ ಹತ್ತಿರ ಹುಡುಕುತ್ತಿರುತ್ತಾರೆ, ನೀವು ಅವರನ್ನು ಬಾಗಿಲ ಹತ್ತಿರ.