ಹಗೂರ ಮುಟ್ಟಡ

ಗಂಡಹೆಂಡಿರ ಸಮಾಲೋಚನೆಗೆ ಅಂತ ನನ್ನ ಹತ್ತಿರ ಬರುವವರಲ್ಲಿ, ನರದ ನೋವನ್ನೇ ಮುನಿಸು ಅಂದುಕೊಂಡದ್ದು ವರ್ಷಕ್ಕೆ ಒಂದೆರಡಾದರೂ ಇರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಶಿರಸಿ ಕಡೆಯ ಅಡಿಕೆ ತೋಟದ ಮನೆ. ಮೊದಲು ಬಂದವರು ಹೆಂಡತಿ. "ನಾಲ್ಕು ತಿಂಗಳಾಯ್ತು ಮೇಡಂ, ಹತ್ತಿರ ಹೋದರೆ ಸಾಕು, ನಮ್ಮನೆಯವರು ಬೆಚ್ಚಿ ಸರೀತಾರೆ. ಅಂಗಿ ಹಾಕಲ್ಲ, ಫ್ಯಾನ್ ಹಾಕಲೂ ಬಿಡಲ್ಲ, ಜಗಲಿಯಲ್ಲೇ ಮಲಗ್ತಾರೆ." ನಾನೂ ಗಂಡಹೆಂಡಿರ ಮುನಿಸು ಅಂದುಕೊಂಡೆ. ಅದು ಈಗಲೂ ಕೊರೆಯುತ್ತದೆ.

ಮುಂದಿನ ವಾರ ಇಬ್ಬರೂ ಬಂದರು. ಮಳೆಗಾಲದ ಕೊನೆಗೆ ಗಂಡನಿಗೆ ಎದೆಯ ಎಡಗಡೆ ಸರ್ಪಸುತ್ತು ಆಗಿತ್ತಂತೆ, ಗುಳ್ಳೆ ಒಣಗಿ ಕಲೆ ಉಳಿದಿದೆ. ಮಾತಾಡುವಾಗ ಅವರು ಹೊದ್ದಿದ್ದ ಶಾಲು ಜಾರಿತು. ಹೆಂಡತಿ ಮೆಲ್ಲಗೆ ಬೆರಳಲ್ಲಿ ಸರಿಮಾಡಲು ಹೋದರು. ಅವರು ಹಲ್ಲು ಕಚ್ಚಿ, "ಹಗೂರ ಮುಟ್ಟಡ ಮಾರಾಯ್ತಿ, ಬೇಕಾರೆ ಗಟ್ಟಿ ಒತ್ತು" ಅಂದರು. ಆಕೆ ಹೆದರುತ್ತಲೇ ಅಂಗೈ ಇಟ್ಟು ಒತ್ತಿದರು. ಅವರು ಸುಮ್ಮನೆ ಕೂತರು. ನೋಯಬಾರದು ಅಂತ ಇಷ್ಟು ದಿನ ಬೆರಳ ತುದಿಯಲ್ಲೇ ಮುಟ್ಟಿದ್ದೆನಲ್ಲ ಎಂದು ಆಕೆ ಅತ್ತುಬಿಟ್ಟರು.

ಒತ್ತಿದರೆ ನೋಯಲ್ಲ, ಗಾಳಿಗೆ ಉರಿಯುತ್ತದಂತೆ, ನಾಟಕ ಅಂತ ಮನೆಯಲ್ಲಿ ಆಡಿಕೊಂಡಿದ್ದರು. ನಾಟಕ ಅಲ್ಲ. ಚಿಕನ್‌ಪಾಕ್ಸ್ ವೈರಸ್ಸು ನರದ ಬುಡದಲ್ಲಿ ವರ್ಷಗಟ್ಟಲೆ ಅಡಗಿದ್ದು ಮತ್ತೆ ಎದ್ದರೆ ಅದೇ ಸರ್ಪಸುತ್ತು. ಪೆಟ್ಟು ತಿಂದ ನರ, ಬಟ್ಟೆ ಸವರಿದರೂ ಉರಿ ಅಂತಲೇ ಸುದ್ದಿ ಕಳಿಸುತ್ತದೆ. ವೈದ್ಯರು ಅದಕ್ಕೆ ಅಲೊಡೀನಿಯಾ ಅನ್ನುತ್ತಾರೆ. ಹಲವರಿಗೆ ಸವರಿದಾಗ ಆಗುವಷ್ಟು ಸಂಕಟ ಒತ್ತಿದಾಗ ಆಗುವುದಿಲ್ಲ. ಎಲ್ಲರಿಗೂ ಹಾಗಲ್ಲ, ಕೇಳಿಯೇ ಮುಟ್ಟಿ.

ಹಾಗಾಗಿ ನಾನು ಹೇಳಿದ್ದು ಇಷ್ಟೇ: ಮೊದಲು ನರರೋಗ ವೈದ್ಯರ ಹತ್ತಿರ ಹೋಗಿ, ಸಂಸಾರದ ಮಾತು ಆಮೇಲೆ. ಸಡಿಲ ಅಂಗಿ ಬಿಟ್ಟು ಮೈಗಂಟುವ ಹಳೆಯ ಹತ್ತಿ ಬನಿಯನ್ ಹಾಕಿ. ವೈದ್ಯರು ಅಮಿಟ್ರಿಪ್ಟಿಲಿನ್ ಕೊಟ್ಟರು. ಅದು ಮನಸ್ಸಿನ ಕಾಯಿಲೆಯ ಮಾತ್ರೆ ಅಂತ ಯಾರೋ ಹೇಳಿ ಇವರು ನಿಲ್ಲಿಸಿದ್ದರು. ಖಿನ್ನತೆಗೆ ಕೊಡುವುದೂ ಹೌದು, ಕಡಿಮೆ ಪ್ರಮಾಣದಲ್ಲಿ ನರದ ನೋವಿಗೂ ಕೊಡುತ್ತಾರೆ. ಇನ್ನು ಸರ್ಪಸುತ್ತು ನಾಗದೋಷದಿಂದ ಬರುತ್ತದೆ ಅನ್ನುವ ಮಾತು. ನಾನು ಪೂಜೆ ಬೇಡ ಅನ್ನಲಿಲ್ಲ, ಅದಕ್ಕೆ ಕೆಲವರು ನನ್ನನ್ನು ಬೈದರು. ಪೂಜೆ ಮಾಡಿಸಿ, ಆದರೆ ಯಾರಿಗೇ ಆಗಲಿ ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾಗಲಿ, ಪೂಜೆ ನಾಲ್ಕು ದಿನ ತಡವಾದರೆ ನಾಗಪ್ಪ ಮುನಿಯುವುದಿಲ್ಲ.

ಕಳೆದ ಸಲ ಬನಿಯನ್ ಹಾಕಿಕೊಂಡೇ ಬಸ್ಸಲ್ಲಿ ಬಂದಿದ್ದರು. ಅಂಗಿ ಇನ್ನೂ ಹೆಂಡತಿಯ ಕೈಚೀಲದಲ್ಲಿತ್ತು.